ಮೂರನೇ ಸಾಲಿನ ಮೀನುಗಳು

"ನಲವತ್ತು ಮಕ್ಕಳ ಹಾಡನ್ನು ಒಂದೇ ಒಂದು ಮಗು ಕೆಡಿಸುತ್ತಿದ್ದರೆ, ಆ ಮಗುವಿಗೆ ಸುಮ್ಮನಿರು ಅನ್ನೋದು ತಪ್ಪಾ ಅಮ್ಮಾ?"

ವಾರಿಜಾ ಚಪ್ಪಲಿ ಬಿಟ್ಟು ಒಳಗೆ ಬಂದವಳೇ, ಕೂರುವುದಕ್ಕೂ ಮೊದಲು ಇದನ್ನು ಕೇಳಿದಳು. ಪಿಟೀಲಿನ ತಂತಿ ಒರೆಸುತ್ತಿದ್ದ ಅವಳ ಸಂಗೀತದ ಗುರು ಶಿವಗಂಗಮ್ಮನವರು ತಲೆ ಎತ್ತಲಿಲ್ಲ.

"ಯಾವ ಮಗು?" ಎಂದರು.

ವಾರಿಜಾ ಹೇಳಿದಳು. ನಗರದ ಆರು ಸರ್ಕಾರಿ ಶಾಲೆಗಳಲ್ಲಿ ಅವಳು ಸಂಗೀತ ಕಲಿಸುತ್ತಿದ್ದಳು. ಮೂರು ವರ್ಷದ ಹಿಂದೆ ಶುರುವಾದ ಯೋಜನೆ ಅದು. ವಾರಕ್ಕೆ ಎರಡು ಪಿರಿಯಡ್ ಹಾಡು, ಒಂದು ಪಿರಿಯಡ್ ಚಿತ್ರ. ಮುಂದುವರಿಸಬೇಕೋ ಮುಚ್ಚಬೇಕೋ ಎಂದು ನೋಡಲು ನಾಳೆ ಬೆಳಿಗ್ಗೆ ಪುರಭವನಕ್ಕೆ ಅಧಿಕಾರಿಗಳು ಬರುವವರಿದ್ದರು. ಅವರೆದುರು ನಲವತ್ತು ಮಕ್ಕಳು ಒಂದು ಹಾಡು ಹಾಡಬೇಕು. ಮೂವತ್ತೊಂಬತ್ತು ಮಕ್ಕಳ ಬಗ್ಗೆ ಚಿಂತೆಯಿಲ್ಲ. ಐದನೇ ಕ್ಲಾಸಿನ ಸಿಂಚನಾ ಮಾತ್ರ ಪಲ್ಲವಿಯ ಒಂದು ಜಾಗದಲ್ಲಿ, ದಿನಾ ಅದೇ ಜಾಗದಲ್ಲಿ, ಎಲ್ಲರಿಗಿಂತ ಕೂದಲೆಳೆಯಷ್ಟು ಮೇಲೆ ಹೋಗುತ್ತಾಳೆ. ಅದೂ ಎಲ್ಲರಿಗಿಂತ ಗಟ್ಟಿಯಾಗಿ.

"ಖುಷಿಗೆ ಕಿರುಚುತ್ತಾಳಮ್ಮಾ, ಪಾಪ. ಅವರಪ್ಪ ಆಟೋ ಓಡಿಸೋರು. ನಾಳೆ ಅರ್ಧ ದಿನ ಆಟೋ ನಿಲ್ಲಿಸಿ ಬರ್ತಾರಂತೆ. ಬಿಡೋ ಹಾಗೂ ಇಲ್ಲ, ಹಾಡಿಸೋ ಹಾಗೂ ಇಲ್ಲ. ಅದಕ್ಕೇ ಸಾಲಿನಲ್ಲಿ ನಿಂತು ಬರೀ ಬಾಯಿ ಆಡಿಸಲಿ ಅಂದುಕೊಂಡೆ. ಎಲ್ಲ ಶಾಲೆಗಳಲ್ಲೂ ಮಾಡೋದು ಇದನ್ನೇ ತಾನೆ? ಯಾರಿಗೂ ಗೊತ್ತಾಗೋದಿಲ್ಲ."

"ಅವಳಿಗೆ ಹೇಳಿಬಿಟ್ಟೆಯಾ?"

"ಇಲ್ಲ. ನಾಳೆ ವೇದಿಕೆ ಹತ್ತೋ ಮುಂಚೆ ಹೇಳ್ತೀನಿ. ನೀವು ಹೂಂ ಅಂದರೆ."

ಶಿವಗಂಗಮ್ಮನವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅವರು ಮಾತಿನಲ್ಲಿ ಜಿಪುಣರು. ಪಾಠ ಹೇಳುವಾಗಲೂ ಹಾಗೇ. ಶಿಷ್ಯರು ಬಾಯಲ್ಲಿ ಹಾಡಬೇಕು, ಅವರು ಪಿಟೀಲಿನಲ್ಲಿ ತಿದ್ದಬೇಕು. ಎಳೆಯ ವಯಸ್ಸಿನಲ್ಲಿ ದನಿ ಕೆಡಲೆಂದು ಯಾರೋ ಊಟಕ್ಕೆ ಏನೋ ಹಾಕಿದ್ದರಂತೆ ಎಂದು ಕೆಲವರು, ದೇವರಿಗೆ ಹರಕೆ ಹೊತ್ತಿದ್ದಾರಂತೆ ಎಂದು ಕೆಲವರು ಹೇಳುತ್ತಿದ್ದರು. ವಾರಿಜಾಗೆ ಅದು ಅಭ್ಯಾಸವಾಗಿಹೋಗಿತ್ತು.

"ಕೂತುಕೋ," ಎಂದರು ಶಿವಗಂಗಮ್ಮನವರು. ವಾರಿಜಾ ಕೂತ ಮೇಲೆ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸಂಗೀತದ ಟೀಚರ್ ಇದ್ದರು. ಕೆಟ್ಟವರಲ್ಲ. ಮಕ್ಕಳಿಗೆ ಹೊಡೆದವರಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿ, ತಾವೇ ಮನೆಯವರೆಗೆ ಬಿಟ್ಟುಬರುತ್ತಿದ್ದರು.

ಆ ಊರಿನ ಶಾಲೆಗಳಿಗೆಲ್ಲ ವರ್ಷಕ್ಕೊಮ್ಮೆ ಹಾಡಿನ ಸ್ಪರ್ಧೆ ನಡೆಯುತ್ತಿತ್ತು. ತೀರ್ಪು ಕೊಡಲು ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ವಕೀಲರು, ಒಬ್ಬ ಜವಳಿ ಅಂಗಡಿಯವರು ಬರುತ್ತಿದ್ದರು. ರಿಬ್ಬನ್ನು ಒಂದೇ ಬಣ್ಣದ್ದೋ, ಶೂಗೆ ಪಾಲಿಶ್ ಬಿದ್ದಿದೆಯೋ, ಬಾಯಿಗಳು ಒಟ್ಟಿಗೆ ತೆರೆಯುತ್ತವೆಯೋ ಎಂದು ನೋಡುತ್ತಿದ್ದರು. ಬಾಯಿಗಳನ್ನು ಡಾಕ್ಟರು ವಿಶೇಷ ಆಸ್ಥೆಯಿಂದ ನೋಡುತ್ತಿದ್ದರು.

ಟೀಚರ್ ಒಂದು ಕ್ರಮ ಇಟ್ಟುಕೊಂಡಿದ್ದರು. ಅರವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು. ಹಾರ್ಮೋನಿಯಂ ಮುಂದೆ ಇನ್ನೊಬ್ಬ ಟೀಚರನ್ನು ಕೂರಿಸಿ ಸ್ವರ ಹಿಡಿಸುವುದು. ತಾವು ಸಾಲುಗಳ ನಡುವೆ ನಡೆಯುತ್ತ ಒಂದೊಂದು ಬಾಯಿಗೂ ಕಿವಿ ಕೊಡುವುದು. ಯಾವ ದನಿ ಹಾರ್ಮೋನಿಯಮ್ಮಿಗೆ ಸೇರುವುದಿಲ್ಲವೋ ಆ ಮಗುವಿನ ಭುಜ ಮುಟ್ಟುವುದು. ಬೈಗುಳ ಇಲ್ಲ. ನಗುತ್ತಲೇ ಮುಟ್ಟುತ್ತಿದ್ದರು. ಮುಟ್ಟಿದರೆ ಅರ್ಥ, ನೀನು ಬಾಯಿ ಆಡಿಸು, ದನಿ ಬಿಡಬೇಡ.

ಭುಜ ಮುಟ್ಟಿಸಿಕೊಂಡವರಿಗೆ ಉಳಿದ ಮಕ್ಕಳು ಮೀನು ಎಂದು ಹೆಸರಿಟ್ಟರು. ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಸದ್ದಿಲ್ಲ. "ಏ ಮೀನು, ನೀರು ಬೇಕೇನೇ?" ಎಂದು ನಲ್ಲಿಯ ಹತ್ತಿರ ಚುಡಾಯಿಸುತ್ತಿದ್ದರು. ಮೀನುಗಳು ನಕ್ಕು ಸುಮ್ಮನಾಗುತ್ತಿದ್ದವು.

ಮೊದಲ ವರ್ಷ ಆರು ಮೀನು. ಶಾಲೆ ಗೆದ್ದಿತು. ಮರುವರ್ಷ ಹದಿನಾಲ್ಕು. ಮತ್ತೆ ಗೆದ್ದಿತು. ಐದನೇ ವರ್ಷದ ಹೊತ್ತಿಗೆ ಅರವತ್ತರಲ್ಲಿ ನಲವತ್ತು ಮಕ್ಕಳು ಮೀನಾಗಿದ್ದರು. ಮೂರನೇ ಸಾಲಂತೂ ಪೂರ್ತಿ ಅವರದೇ. ಈಗಿನ ಮಕ್ಕಳ ಕಿವಿಯೇ ಸರಿಯಿಲ್ಲ, ಎಲ್ಲ ರೇಡಿಯೋ ಕೇಳಿ ಕೇಳಿ ಕೆಟ್ಟಿದೆ ಎಂದು ಟೀಚರ್ ನೊಂದುಕೊಳ್ಳುತ್ತಿದ್ದರು.

ಆ ವರ್ಷ ಸ್ಪರ್ಧೆಗೆ ವಾರವಿದೆ ಅನ್ನುವಾಗ ಹಾರ್ಮೋನಿಯಮ್ಮಿಗೆ ಗಾಳಿ ಊದುವ ತಿದಿ ಹರಿಯಿತು. ರಿಪೇರಿಯವನು ಬೇರೆ ಊರಿನಿಂದ ಬಂದ. ತಿದಿಗೆ ತೇಪೆ ಹಾಕಿದ. ಆಮೇಲೆ ಎಲ್ಲ ಸರಿಯಿದೆಯೋ ಎಂದು ಸ ರಿ ಗ ಮ ಒತ್ತುತ್ತ ಹೋದ. ಗ ಬಂದಾಗ ನಿಂತ. ಮತ್ತೆ ಒತ್ತಿದ.

"ಟೀಚರಮ್ಮಾ, ಈ ಗ ಯಾವತ್ತಿನಿಂದ ಹೀಗಿದೆ?"

"ಹೇಗಿದೆ?"

"ಇಳಿದುಹೋಗಿದೆಯಲ್ರೀ."

ಟೀಚರ್ ನಕ್ಕರು. "ಚೆನ್ನಾಯ್ತು. ತಿದಿ ಹೊಲಿಯೋಕೆ ಕರೆಸಿದರೆ ನನಗೇ ಸ್ವರ ಹೇಳಿಕೊಡ್ತೀರಾ?"

ಅವನು ಚೀಲದಿಂದ ಸ್ವರ ಹೋಲಿಸಿ ನೋಡುವ ತನ್ನ ಪುಟ್ಟ ಪೆಟ್ಟಿಗೆ ತೆಗೆದ. ಎರಡರಲ್ಲೂ ಒಂದೇ ಸ್ವರವನ್ನು ಒಟ್ಟಿಗೆ ಒತ್ತಿ ಹಿಡಿದ. ಎರಡು ದನಿಗಳೂ ಗುಂಯ್ ಗುಂಯ್ ಎಂದು ಒಂದರ ಮೇಲೊಂದು ಬಿದ್ದು ಜಗಳವಾಡಿದವು. ಅವನ ಪೆಟ್ಟಿಗೆಯದು ಕೂದಲೆಳೆಯಷ್ಟು ಮೇಲಿತ್ತು.

ಆ ಕೂದಲೆಳೆ ಎತ್ತರವನ್ನು ಟೀಚರ್ ಎಲ್ಲೋ ಕೇಳಿದ್ದರು. ಎಲ್ಲಿ ಎಂದು ನೆನಪು ಮಾಡಿಕೊಂಡರು. ಮೂರನೇ ಸಾಲಿನಲ್ಲಿ.



ಸ್ವರ ಒಂದೇ ದಿನಕ್ಕೆ ಇಳಿದಿರಲಿಲ್ಲ. ವರ್ಷಕ್ಕೆ ಒಂದಿಷ್ಟು ಧೂಳು, ಒಂದಿಷ್ಟು ತುಕ್ಕು. ಅದರ ಜೊತೆಜೊತೆಗೆ ಅವರ ಕಿವಿಯೂ ಇಳಿದಿತ್ತು, ಆಜ್ಞಾಧಾರಕ ಮಕ್ಕಳ ಕಿವಿಯೂ ಇಳಿದಿತ್ತು. ಇಳಿಯದೆ ಉಳಿದವರೂ ಇದ್ದರು. ಅವರನ್ನೇ ಹುಡುಕಿ ಹುಡುಕಿ, ನಗುನಗುತ್ತ, ಭುಜ ಮುಟ್ಟಿದ್ದರು.

ರಿಪೇರಿಯವನು ಧೂಳು ತೆಗೆದು, ಅರ ಹಾಕಿ ಉಜ್ಜಿ, ಗ ಸರಿ ಮಾಡಿ ಹೋದ. ಒಂದು ತಾಸಿನ ಕೆಲಸ.

ಕೆಟ್ಟವರಲ್ಲ ಅಂದೆನಲ್ಲ. ಮುಚ್ಚಿಡಬಹುದಾಗಿತ್ತು, ಮುಚ್ಚಿಡಲಿಲ್ಲ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಅರವತ್ತು ಮಕ್ಕಳನ್ನೂ ನಿಲ್ಲಿಸಿದರು. ಹಾಡುವ ಇಪ್ಪತ್ತು ಮಕ್ಕಳನ್ನು ಪಕ್ಕಕ್ಕೆ ಕಳಿಸಿದರು. ಮೀನುಗಳಿಗೆ ಹೇಳಿದರು, "ಇವತ್ತು ನೀವು ಹಾಡಿ. ದನಿ ಬಿಟ್ಟು ಹಾಡಿ. ತಪ್ಪು ನಿಮ್ಮದಾಗಿರಲಿಲ್ಲ, ನನ್ನದು."

ಹಾರ್ಮೋನಿಯಂ ನುಡಿಯಿತು. ಸ್ವರ ಸರಿಯಾಗಿತ್ತು. ಟೀಚರ್ ಕೈ ಎತ್ತಿದರು.

ನಲವತ್ತು ಬಾಯಿಗಳು ಒಟ್ಟಿಗೆ ತೆರೆದವು. ಹಲ್ಲಿನ ಡಾಕ್ಟರು ನೋಡಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು. ಪಲ್ಲವಿಯ ಒಂದೊಂದು ಅಕ್ಷರಕ್ಕೂ ತುಟಿಗಳು ಸರಿಯಾಗಿ ಆಡಿದವು.

ಸದ್ದು ಬರಲಿಲ್ಲ.

"ಹಾಡ್ರಮ್ಮಾ," ಎಂದರು ಟೀಚರ್. ಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬಳು ಹೇಳಿದಳು, "ಹಾಡ್ತಾ ಇದ್ದೀವಲ್ಲ ಮಿಸ್."

ಮತ್ತೊಮ್ಮೆ ಕೈ ಎತ್ತಿದರು. ಮತ್ತೆ ತುಟಿಗಳು. ಮೂರನೇ ಸಾಲಿನ ಕೊನೆಯಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಮೊದಲ ವರ್ಷದ ಆರು ಮೀನುಗಳಲ್ಲಿ ಅವಳೂ ಒಬ್ಬಳು. ಅವಳ ಗಂಟಲಿನಿಂದ, ಬಿಕ್ಕಳಿಕೆ ಬಂದ ಹಾಗೆ, ಒಂದೇ ಒಂದು ಗ ಹೊರಗೆ ಬಿತ್ತು. ಹಾರ್ಮೋನಿಯಮ್ಮಿಗೆ ಪೂರಾ ಸೇರಿತು. ಹುಡುಗಿ ಗಾಬರಿಯಿಂದ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡಳು. ಟೀಚರ ಮುಖ ನೋಡಲಿಲ್ಲ. ಅವರ ಕೈ ನೋಡಿದಳು, ತನ್ನ ಭುಜಕ್ಕೆ ಬರುತ್ತದೆಯೋ ಎಂದು.

ಶಿವಗಂಗಮ್ಮನವರು ಅಲ್ಲಿಗೆ ನಿಲ್ಲಿಸಿದರು. ತಂತಿ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯೊಳಗಿಟ್ಟರು.

ವಾರಿಜಾ ಕುಳಿತಲ್ಲೇ ಪಲ್ಲವಿಯನ್ನು ಮನಸ್ಸಿನಲ್ಲಿ ಒಮ್ಮೆ ಹಾಡಿಕೊಂಡಳು. ಸಿಂಚನಾ ಮೇಲೆ ಹೋಗುವ ಜಾಗಕ್ಕೆ ಬಂದಾಗ ನಿಲ್ಲಿಸಿದಳು. ಆ ನಲವತ್ತು ಮಕ್ಕಳಿಗೆ ಸ್ವರ ಹಿಡಿಸುವ ಹಾರ್ಮೋನಿಯಮ್ಮನ್ನು ಶಾಲೆಯ ಉಗ್ರಾಣದಿಂದ ತರಿಸಿದ್ದು ಮೂರು ವರ್ಷದ ಹಿಂದೆ. ಮೇಲಿನ ಧೂಳನ್ನು ತಾನೇ ಸೆರಗಿನಲ್ಲಿ ಒರೆಸಿದ್ದಳು. ಒಳಗನ್ನು ಯಾರೂ ತೆರೆದು ನೋಡಿರಲಿಲ್ಲ.

"ಅಮ್ಮಾ, ಸಿಂಚನಾ ತಪ್ಪೋದು..." ಎಂದಳು. ತಪ್ಪೋದು ಅನ್ನುವ ಮಾತೇ ನಾಲಿಗೆಗೆ ಚುಚ್ಚಿತು. ಇನ್ನೊಂದನ್ನು ಕೇಳಿದಳು.

"ಬಾಯಿ ಮುಚ್ಚಿಕೊಂಡಳಲ್ಲ, ಆ ಹುಡುಗಿ. ದನಿ ಬಂದಿತ್ತಲ್ಲ ಅವಳಿಗೆ. ಆಮೇಲಾದರೂ ಹಾಡಿರಬೇಕಲ್ವಾ ಅಮ್ಮಾ?"

ಶಿವಗಂಗಮ್ಮನವರು ಪಿಟೀಲನ್ನು ಎತ್ತಿ ಎಡಭುಜಕ್ಕೆ ಆನಿಸಿಕೊಂಡರು. ಆ ಜಾಗವನ್ನು ಯಾರೂ ಮುಟ್ಟದಂತೆ ಮುಚ್ಚಿಕೊಂಡ ಹಾಗೆ ಕಂಡಿತು ವಾರಿಜಾಗೆ.

"ಹನ್ನೆರಡು ವರ್ಷ ನನ್ನೆದುರು ಕೂತು ಕಲಿತೆಯಲ್ಲ," ಎಂದರು, "ನನ್ನ ಬಾಯಿಂದ ಒಂದು ಸ್ವರ ಕೇಳಿದ್ದೀಯಾ?"