ದನಿ ಒಡೆಯುವ ಜಾಗ

ಹೊಳೆದಂಡೆಯ ಗುಡಿಸಲಲ್ಲಿ ಸ್ಪೀಕರ್ ಪೆಟ್ಟಿಗೆ ಕಟ್ಟುವ ಗುರುವೊಬ್ಬರಿದ್ದರು. ಎಲ್ಲರೂ ಅವರನ್ನು ಅಜ್ಜಾರು ಅನ್ನುತ್ತಿದ್ದರು. ಶರಭಣ್ಣ ಅವರ ಒಬ್ಬನೇ ಶಿಷ್ಯ.

ಅವನದು ಯಾವಾಗಲೂ ಒಂದೇ ಪ್ರಶ್ನೆ.

"ಅಜ್ಜಾರ, ದಪ್ಪ ದನಿ ದೊಡ್ಡ ಸ್ಪೀಕರಿಗೆ ಹೋಗ್ಬೇಕು, ಸಣ್ಣ ದನಿ ಸಣ್ಣದಕ್ಕ. ದನೀನ ಆಂಪ್ಲಿಫೈಯರಿಗಿಂತ ಮೊದಲ ಎರಡಾಗಿ ಒಡೀಬೇಕೋ, ಆಮ್ಯಾಲೆ ಒಡೀಬೇಕೋ?"

"ಹೊಳಿ ನೋಡು," ಅನ್ನುತ್ತಿದ್ದರು ಅಜ್ಜಾರು.

ಶರಭಣ್ಣನಿಗೆ ಹೊಳೆ ನೋಡಿ ನೋಡಿ ಸಾಕಾಗಿತ್ತು.

ಅಜ್ಜಾರ ಹಳೆಯ ಪೆಟ್ಟಿಗೆಯಲ್ಲಿ ದನಿ ಒಡೆಯುತ್ತಿದ್ದುದು ಆಂಪ್ಲಿಫೈಯರ್ ದಾಟಿದ ಮೇಲೆ, ಒಂದು ತಾಮ್ರದ ಸುರುಳಿಯಿಂದ. ಅದರಲ್ಲಿ ಅವರು ದಿನಾ ಒಂದೇ ಕ್ಯಾಸೆಟ್ ಕೇಳುವರು. ತೀರಿಹೋದ ಹೆಂಡತಿ ಸಾವಂತ್ರವ್ವ ಹಾಡಿದ ಬೀಸುವ ಪದ. ಪದ ಮುಗಿಸಿ ಆಕೆ ಗಂಡನನ್ನು ಕರೆಯುತ್ತಿದ್ದಳು: "ಉಣ್ಣಾಕ ಬರ್ರಿ." ಆ ಕರೆ ಕೇಳಿದೊಡನೆ ಅಜ್ಜಾರು ಉಣ್ಣಲು ಏಳುವರು.

ಒಂದು ಮುಂಜಾನೆ ಅಜ್ಜಾರು ಸ್ನಾನಕ್ಕೆ ಹೋದಾಗ ಶರಭಣ್ಣ ದೊಡ್ಡ ಉಪಕಾರ ಮಾಡಲು ಹೊರಟ. ಸುರುಳಿ ಬಿಚ್ಚಿ ತಂತಿಯನ್ನು ತುಂಡು ಮಾಡಿದ. ದನಿಯನ್ನು ಮೊದಲೇ ಒಡೆಯಲು ಒಂದು ತಿರುಪು ಕೂಡಿಸಿ, ಎರಡು ಸ್ಪೀಕರಿಗೆ ಎರಡು ಆಂಪ್ಲಿಫೈಯರ್ ಜೋಡಿಸಿದ.

ಅಜ್ಜಾರು ಬಂದು ಕಣ್ಣು ಮುಚ್ಚಿ ಕೇಳಿದರು. ಕೊನೆಯಲ್ಲಿ ಕರೆ ಬಂತು. ಅವರು ಏಳಲಿಲ್ಲ.

"ಇಬ್ರು ಕರೀತಾರಲ್ಲೋ ತಮ್ಮಾ. ಕೆಳಗೊಬ್ಬಾಕಿ, ಮ್ಯಾಲೊಬ್ಬಾಕಿ. ನಾ ಯಾರ ಕಡೆ ಹೋಗ್ಲಿ?"

ಶರಭಣ್ಣ ಬಿಚ್ಚಿಟ್ಟ ಸುರುಳಿಯತ್ತ ಕೈ ತೋರಿಸಿದ.

"ಸುರುಳಿ ದನಿ ತಿಂತಿತ್ರಿ ಅಜ್ಜಾರ. ಈಗ ಶುದ್ಧ ಐತಿ."

"ದಪ್ಪ ಸಣ್ಣ ಅಂತ ದನಿ ಎಲ್ಲಿ ಒಡದಿ?"

"ಪುಸ್ತಕದಾಗ ಹೇಳಿದ ಜಾಗದಾಗರಿ."

"ಆಕಿ ಪುಸ್ತಕ ನೋಡಿ ಹಾಡಿದಾಕಿ ಅಲ್ಲ," ಎಂದು ಅಜ್ಜಾರು ಮತ್ತೆ ಹೊಳೆಗೆ ಇಳಿದುಹೋದರು.

ಸುರುಳಿಯನ್ನು ಮರಳಿ ಹಾಕೋಣವೆಂದರೆ ಅದು ತುಂಡಾಗಿ ಬಿದ್ದಿತ್ತು. ಮುದುಕನ ಹೆಂಡತಿಯನ್ನು ಎರಡನೇ ಸಲ ಕಳೆದೆನಲ್ಲ ಎಂದು ಅವನಿಗೆ ಅಳುವೇ ಬಂತು. ಮಾಡಿದ್ದುಣ್ಣೋ ಮಹಾರಾಯ ಅಂದುಕೊಂಡು ಪುಸ್ತಕ ಮುಚ್ಚಿಟ್ಟ. ಕ್ಯಾಸೆಟ್ ಹಚ್ಚಿದ. ದನಿ ಒಡೆಯುವ ಜಾಗದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. ಕೇಳಿದ. ಮತ್ತೆ ತಿರುಗಿಸಿದ.

ಹೊಳೆಯ ಬೆಳಕು ಒಳಬಂದು ಗೋಡೆಯ ಮೇಲೆ ತೇಲುತ್ತಿತ್ತು. ಬೀಸುಕಲ್ಲಿನ ಹಾಗೆ ಹಗಲೂ ಮೆಲ್ಲಗೆ ತಿರುಗಿತು. ಸಾವಂತ್ರವ್ವ ಎಲ್ಲಿ ಉಸಿರು ಎಳೆಯುತ್ತಾಳೆ, ಎಲ್ಲಿ ನಗು ತಡೆಯುತ್ತಾಳೆ ಎಂಬುದೆಲ್ಲ ಅವನಿಗೆ ಗೊತ್ತಾಯಿತು. ಯಾವಾಗಲೋ ಕೈ ತಿರುಪನ್ನು ಬಿಟ್ಟಿತ್ತು. ಪೆಟ್ಟಿಗೆಯಲ್ಲಿ ಸ್ಪೀಕರ್ ಎರಡಿವೆ ಅನ್ನುವುದೂ ಮರೆತುಹೋಗಿತ್ತು.

ಪದ ಮುಗಿಯಿತು.

"ಉಣ್ಣಾಕ ಬರ್ರಿ."

ಹೊರಗೆ ನೀರಿನ ಸದ್ದಾಯಿತು. ಅಜ್ಜಾರು ಹೊಳೆಯಿಂದಲೇ ಕೂಗಿದರು:

"ಬಂದೆ ತಡಿ, ಸಾವಂತ್ರಿ. ಕಾಲು ತೊಳಕೊಂಡು ಬರ್ತೀನಿ."