ವಕೀಲರ ಕಾರಿನ ಬ್ರೇಕ್ ಪರೀಕ್ಷೆ

ದಾವಣಗೆರೆಯ ವಕೀಲ ವಿರೂಪಾಕ್ಷಯ್ಯನವರಿಗೆ ಒಂದು ಹಳೆಯ ಸ್ಪೋರ್ಟ್ಸ್ ಕಾರಿತ್ತು, ಜೊತೆಗೆ ಮೈತುಂಬ ಅನುಮಾನವಿತ್ತು. ಕಾರು ಮೆಕ್ಯಾನಿಕ್ ದಾದಾಪೀರನ ಗ್ಯಾರೇಜಿಗೆ ಬಂದ ದಿನ ಅವರೂ ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲೇ ಕಾವಲು ಕೂತರು.

ದಾದಾಪೀರ್ ಚಕ್ರ ಬಿಚ್ಚಿ ನೋಡಿದ. "ಸಾರ್, ಬ್ರೇಕ್ ಕ್ಯಾಲಿಪರ್ ಸವೆದು ಹೋಗಿದೆ. ಒತ್ತಿದ್ರೂ ಚಕ್ರ ಹಿಡಿಯಲ್ಲ. ಬದಲಾಯಿಸಬೇಕು."

ವಕೀಲರು ಕಣ್ಣು ಕಿರಿದು ಮಾಡಿದರು. "ನನ್ನ ಒರಿಜಿನಲ್ ಮಾಲು ಲಪಟಾಯಿಸೋ ಉಪಾಯ ತಾನೇ? ಬ್ರೇಕ್ ಭದ್ರವಾಗಿದೆ. ಇದ್ದದ್ದನ್ನೇ ಹಾಕು, ಇಲ್ಲಾಂದ್ರೆ ಕೇಸ್ ಹಾಕ್ತೀನಿ."

ದಾದಾಪೀರ್ ಹಳೆಯದನ್ನೇ ಜೋಡಿಸಿದ. ಆದರೆ ಹೀಗೇ ಕಳಿಸಿದರೆ ಈ ಮನುಷ್ಯ ದಾರಿಯಲ್ಲಿ ಯಾರಿಗೆ ಗುದ್ದುತ್ತಾರೋ ಎಂದು ಅವನಿಗೆ ದಿಗಿಲಾಯಿತು.

"ಸಾರ್, ಒಂದ್ಸಲ ಪರೀಕ್ಷೆ ಮಾಡೋಣ. ನೀವು ಗೋಡೆ ಹತ್ರ ನಿಂತ್ಕೊಳ್ಳಿ. ನಾನು ಜೋರಾಗಿ ಬಂದು ನಿಮ್ಮ ಮುಂದೆ ನಿಲ್ಲಿಸ್ತೀನಿ."

"ಬೇಕಂತಲೇ ಗುದ್ದಿಬಿಟ್ರೆ?"

"ಹಾಗಾದ್ರೆ ನೀವೇ ಓಡಿಸಿ, ನಾನು ನಿಲ್ತೀನಿ." ದಾದಾಪೀರ್ ಗೋಡೆಗೆ ಬೆನ್ನು ಕೊಟ್ಟು ಕೈಕಟ್ಟಿ ನಿಂತ.

ಇದರಲ್ಲೇನು ಮೋಸವಿದೆಯೋ ಎಂದು ಯೋಚಿಸುತ್ತಲೇ ವಕೀಲರು ಒಳಗೆ ಕೂತರು. ಎಂಜಿನ್ ಗುಟುರು ಹಾಕಿತು. ಎದುರಿಗೆ ದಾದಾಪೀರ್ ನಗುತ್ತ, "ಬನ್ನಿ ಸಾರ್, ಬನ್ನಿ" ಎಂದ. ವಕೀಲರು ಬ್ರೇಕ್ ಪೆಡಲ್ ಕಡೆ ಒಮ್ಮೆ ನೋಡಿದರು. ಎಂಜಿನ್ ಆರಿಸಿ ಕೆಳಗಿಳಿದರು.

"ಯಾಕೆ ಸಾರ್?"

"ಅಲ್ಲಯ್ಯ, ಅಕಸ್ಮಾತ್ ಬ್ರೇಕ್ ಹಿಡೀದೇ ಹೋದ್ರೆ?"

"ನನಗೂ ಅದೇ ಅನುಮಾನ ಸಾರ್," ಎಂದು ದಾದಾಪೀರ್ ಸ್ಪ್ಯಾನರ್ ಕೈಗೆತ್ತಿಕೊಂಡ.

ವಕೀಲರು ಹೊಸ ಕ್ಯಾಲಿಪರ್‌ಗೆ ಒಪ್ಪಿದರು. ಬಿಚ್ಚಿದ ಹಳೆಯದನ್ನು ಮಾತ್ರ ಕರ್ಚೀಫಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡೇ ಮನೆಗೆ ಹೋದರು.