ಕೆಂಚವ್ವನ ಪಾಲು

ಬಿದಿರು ಕಾಡೊಂದರಲ್ಲಿ ಸೀಳುನಾಯಿಗಳ ಹಿಂಡಿತ್ತು. ಸೀಳುನಾಯಿಗಳು ಬೊಗಳುವುದಿಲ್ಲ. ಬೇಟೆಯಲ್ಲಿ ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವೆ.

ಹಿಂಡು ಬೇಟೆಗೆ ಹೋದರೆ ಕೆಂಚವ್ವನೆಂಬ ಹೆಣ್ಣು ಸೀಳುನಾಯಿ ಗವಿಯಲ್ಲಿ ಉಳಿದು ಮರಿಗಳನ್ನು ಕಾಯುತ್ತಿದ್ದಳು. ಮೈ ನೆಕ್ಕಬೇಕು, ಮುಳ್ಳು ಕೀಳಬೇಕು, ಕಚ್ಚಾಟ ಬಿಡಿಸಬೇಕು. ಎಲ್ಲವೂ ಸದ್ದಿಲ್ಲದೆ. ಸದ್ದಾದರೆ ಚಿರತೆ ಬರುತ್ತದೆ.

ಹೊಳೆಯ ಕಡೆಯಿಂದ ಸಿಳ್ಳೆ ತೇಲಿ ಬಂದಾಗ ಅವಳ ಕಾಲುಗಳು ತಾವಾಗಿ ಎದ್ದು ನಿಲ್ಲುತ್ತಿದ್ದವು. ತಾನು ಬೇಟೆಗೆ ಓಡುತ್ತಿದ್ದ ಹೊಳೆಯ ಮರಳು ಈಗಲೂ ಅಷ್ಟೇ ಮೆತ್ತಗಿದೆಯೇ? ಕೇಳೋಣವೆಂದರೆ, ಬಂದವರು ಉಂಡು ಮಲಗಿಬಿಡುತ್ತಿದ್ದರು.

ಒಮ್ಮೆ ಮಾಂಸದ ಪಾಲಿಗೆ ಜಗಳವಾಯಿತು. ನರಿಯೊಂದು ನಡುವೆ ಬಂತು.

"ನಾನು ಅಳೆದು ಕೊಡುತ್ತೇನೆ. ಬೇಟೆಯಲ್ಲಿ ಯಾರ ಸಿಳ್ಳೆ ಕೇಳಿತೋ ಅವರಿಗೆ ಪಾಲು. ಉಳಿದದ್ದು ಅಳೆದವನಿಗೆ."

ಹಿಂಡಿನ ಯಜಮಾನ ಭರಮ, ಕೆಂಚವ್ವನ ತಮ್ಮ, ಒಪ್ಪಿದ. ಅಂದು ಸಂಜೆ ಅವಳ ಪಾಲು ನರಿಯ ಹೊಟ್ಟೆ ಸೇರಿತು.

"ಭರಮಾ, ನನ್ನದು?"

"ನಿನ್ನ ಸಿಳ್ಳೆ ಯಾರಿಗೂ ಕೇಳಲಿಲ್ಲವಲ್ಲ ಅಕ್ಕಾ."

"ಗವಿಯಲ್ಲಿ ಸಿಳ್ಳೆ ಹಾಕಿ ಚಿರತೆಯನ್ನು ಊಟಕ್ಕೆ ಕರೆಯಲೇನೋ?"

ನರಿ ನಕ್ಕಿತು. "ಮರಿಗಳ ಪಕ್ಕ ಬಿದ್ದುಕೊಳ್ಳೋದೂ ಒಂದು ಕೆಲಸವೇ ಅವ್ವಾ? ನಾಳೆ ನೀನು ಬೇಟೆಗೆ ಹೋಗು. ನಾನು ಬಿದ್ದುಕೊಳ್ಳುತ್ತೇನೆ."

ಕೆಂಚವ್ವನ ಹೊಟ್ಟೆ ಹಸಿದಿತ್ತು. ಅದಕ್ಕಿಂತ ಕಾಲುಗಳು ಹಸಿದಿದ್ದವು. "ಒಂದೇ ಮಾತು. ಗವಿಯಲ್ಲಿ ಬಾಯಿ ಬಿಡಬೇಡ," ಎಂದಳು.

"ಅಷ್ಟೇನಾ?" ಎಂದಿತು ನರಿ.

ಮರುದಿನ ಅವಳು ಓಡಿದಳು. ಮರಳು ಅಷ್ಟೇ ಮೆತ್ತಗಿತ್ತು. ಸಿಳ್ಳೆ ಹಾಕಿದಳು, ಬರೀ ಗಾಳಿ ಬಂತು. ಮತ್ತೆ ಹಾಕಿದಳು. ಆಚೆ ದಡದಿಂದ ಹಿಂಡು ಓಗೊಟ್ಟಿತು. ಕೆಂಚವ್ವನಿಗೆ ಕಣ್ಣು ಮಂಜಾಯಿತು.

ಹೊತ್ತು ಮುಳುಗಿತು. ಗುಡ್ಡದ ಮೇಲೆ ನರಿಗಳು ಊಳಿಡತೊಡಗಿದವು. ಗವಿಯಲ್ಲಿದ್ದ ನರಿಗೆ ಗಂಟಲು ತಡೆಯಲಿಲ್ಲ. ಅದೂ ಬಾಗಿಲಲ್ಲಿ ಕೂತು ಊಳಿಟ್ಟಿತು. ಆ ಊಳು ನಡುವೆಯೇ ಕಿರುಚಾಟವಾದದ್ದು ಹೊಳೆಯವರೆಗೆ ಕೇಳಿತು.

ಕೆಂಚವ್ವ ಎದುರಿಗಿದ್ದ ಜಿಂಕೆಯನ್ನು ಬಿಟ್ಟು ತಿರುಗಿದಳು. ಅವಳ ಸಿಳ್ಳೆಗೆ ಹಿಂಡು ಬೆನ್ನ ಹಿಂದೆಯೇ ಬಂತು. ಗವಿಯ ಬಾಗಿಲಲ್ಲಿ ಚಿರತೆ ನಿಂತಿತ್ತು, ಅದರ ಬಾಯಲ್ಲಿ ನರಿಯ ಬಾಲವಿತ್ತು. ಹಿಂಡನ್ನು ಕಂಡು ಚಿರತೆ ಹಾರಿ ಕಾಡಿನಲ್ಲಿ ಮರೆಯಾಯಿತು. ನರಿ ಬಾಲ ಬಿಟ್ಟು ಓಡಿತು, ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮರಿಗಳು ಗವಿಯ ಕೊನೆಯ ಮೂಲೆಯಲ್ಲಿ ಉಸಿರು ಹಿಡಿದು ಒತ್ತಿಕೊಂಡಿದ್ದವು. ಅವಳು ಕಲಿಸಿದ್ದೇ ಹಾಗೆ.

ಭರಮ ತಲೆ ತಗ್ಗಿಸಿದ. "ಅಕ್ಕಾ, ನಿನ್ನ ಕೆಲಸಕ್ಕೆ ಎಷ್ಟು ಕೊಡಲಿ?"

"ನನ್ನ ಪಾಲು ಕೊಡು. ದಿನ ಬಿಟ್ಟು ದಿನ ಹೊಳೆ ಕೊಡು."

"ಆಗ ಗವಿಯಲ್ಲಿ ಯಾರು?"

"ಯಾಕೆ, ನಿನಗೇನಾಗಿದೆ?"

ಮರುದಿನ ಭರಮ ಉಳಿದ. ದೂರದಲ್ಲಿ ಸಿಳ್ಳೆ ಎದ್ದಾಗ ಅವನ ಬಾಯಿ ತಾನಾಗಿ ತೆರೆಯಿತು. ಒಂದು ಮರಿ ಅವನ ಪಾದದ ಮೇಲೆ ಮಲಗಿತ್ತು. ಬಾಯಿ ಮುಚ್ಚಿಕೊಂಡ. ಸಂಜೆ ಕೆಂಚವ್ವ ಬಂದು ಎಲ್ಲರಿಗಿಂತ ಮೊದಲು ಅವನ ಮುಂದೆ ಮಾಂಸ ಇಟ್ಟಳು.

ನೀತಿ: ಮನೆಗೆಲಸ ಸದ್ದು ಮಾಡುವುದಿಲ್ಲ. ಕೇಳಿಸಲಿಲ್ಲವೆಂದು ಅದಕ್ಕೆ ಬೆಲೆ ಕಟ್ಟದವನು ಮನೆಯನ್ನೇ ಕಳೆದುಕೊಳ್ಳುತ್ತಾನೆ.